ಏಳಕ್ಕೂ ಎಂಟಕ್ಕೂ ಇಲ್ಲದ ನಂಟು

ಆಸ್ಪತ್ರೆಗೆ ಹೊರಗಿನಿಂದ ಯಾರೇ ಫೋನು ಮಾಡಲಿ, ಮೊದಲು ಕಿವಿಗೆ ಬೀಳುತ್ತಿದ್ದುದು ಆಪರೇಟರಕ್ಕನ ದನಿ. ಮೆಟ್ಟಿಲ ಪಕ್ಕದ ಗಾಜಿನ ಗೂಡಿನಲ್ಲಿ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ತಂತಿಗಳನ್ನು ಚುಚ್ಚುತ್ತ ಕೀಳುತ್ತ ಅವಳು ಕೂತಿರುತ್ತಿದ್ದಳು. ಯಾವ ವಾರ್ಡಿಗೆ ಯಾವ ನಂಬರು ಎನ್ನುವುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಆ ಕಡೆಯವರು ಉಸಿರೆಳೆದುಕೊಳ್ಳುವ ರೀತಿಯಲ್ಲೇ ಇವರು ರೋಗಿಯ ಮನೆಯವರೋ, ಔಷಧಿ ಮಾರುವ ಕಂಪನಿಯವರೋ ಎಂದು ಗುರುತು ಹಿಡಿಯುತ್ತಿದ್ದಳು. ಸ್ವಂತ ಮನೆಯ ನಂಬರು ಮರೆತ ಡಾಕ್ಟರುಗಳೂ ಅವಳನ್ನೇ ಕೇಳುತ್ತಿದ್ದರು.

ಹೀಗಿರುವಾಗ ತಂತಾನೇ ಕರೆ ಜೋಡಿಸುವ ಹೊಸ ಎಕ್ಸ್‌ಚೇಂಜ್ ಬಂತು. ಆಳುಗಳು ಹಳೆಯ ಬೋರ್ಡನ್ನು ಗೋಡೆಯಿಂದ ಕಿತ್ತು, ಜೋತು ಬಿದ್ದ ತಂತಿಗಳ ಸಮೇತ ಹೆಗಲಿಗೇರಿಸಿಕೊಂಡು ಹೋದರು. ಆಡಳಿತಾಧಿಕಾರಿ ಅವಳನ್ನು ಕರೆಸಿ, "ಅಕ್ಕಾ, ಎರಡು ಜಾಗ ಖಾಲಿ ಇವೆ. ಒಂದು ಮುಂದಿನ ಕೌಂಟರು, ಇನ್ನೊಂದು ನೆಲಮಾಳಿಗೆಯ ಕಂಪ್ಯೂಟರ್ ಕೋಣೆ. ಯಾವುದು ಬೇಕೋ ಆರಿಸ್ಕೊಳ್ಳಿ" ಎಂದರು.

"ಕೌಂಟರಿನಲ್ಲಿ ದಿನಾ ನಗ್ತಾ ಕೂರ್ಬೇಕಲ್ವಾ ಸಾರ್?"

"ಕೂರ್ಬೇಕು ಮತ್ತೆ."

"ಹಾಗಾದ್ರೆ ಕೆಳಗೇ ಹೋಗ್ತೀನಿ. ದನಿಯಲ್ಲಿ ನಗೋದು ರೂಢಿ ಇದೆ. ಮುಖದಲ್ಲಿ ನಕ್ಕು ಅಭ್ಯಾಸ ತಪ್ಪಿಹೋಗಿದೆ."

ಹೀಗೆ ಅವಳು ನೆಲಮಾಳಿಗೆಗೆ ಇಳಿದಳು. ಒಂದು ಪಕ್ಕಕ್ಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ. ಅಲ್ಲಿಂದ ಸೋಪಿನ ವಾಸನೆ, ಬಿಸಿ ಹಬೆ, ದೊಡ್ಡ ಯಂತ್ರಗಳು ಉರುಳುವ ಗಡಗಡ. ಇನ್ನೊಂದು ಪಕ್ಕಕ್ಕೆ ಕಂಪ್ಯೂಟರ್ ಕೋಣೆ. ಚಳಿಗೆ ಹಲ್ಲು ಕಟಕಟಿಸುವಷ್ಟು ತಣ್ಣಗೆ. ಅಲ್ಲಿನ ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೊದಲು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ಆಮೇಲೆ ಈ ವಿದ್ಯೆ ಕಲಿತು ಇಲ್ಲಿಗೆ ಬಂದಿದ್ದರು. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಗೋಡೆಗೊಂದು ಕರಿಹಲಗೆ ಹಾಕಿಸಿಕೊಂಡಿದ್ದರು. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ವಾಕ್ಯದ ಕೊನೆಯ ಪದವನ್ನು ನುಂಗಿಕೊಂಡು, ಎದುರಿಗಿದ್ದವರು ಅದನ್ನು ಹೇಳಲಿ ಎಂದು ಹುಬ್ಬೆತ್ತಿ ಕಾಯುವ ಚಾಳಿ.

ಮೊದಲ ವಾರ ಅವಳಿಗೆ ತಲೆಬುಡ ತಿಳಿಯಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು. ಒಂದು ಮಧ್ಯಾಹ್ನ ಮೇಷ್ಟ್ರು, "ಬನ್ನಿ ಇಲ್ಲಿ, ಒಂದು ತಮಾಷೆ ತೋರಿಸ್ತೀನಿ" ಎಂದು ಕರೆದರು. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರಿನ ವಿಳಾಸವನ್ನು ಬೆರಳಚ್ಚಿಸಿದರು. ಚುಕ್ಕೆಗಳಿಂದ ಬೇರೆಯಾದ ನಾಲ್ಕು ಸಂಖ್ಯೆ, ಅಷ್ಟೇ. ಗುಂಡಿ ಒತ್ತಿದರು. ಅವಳು ರೆಪ್ಪೆ ಬಡಿಯುವಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿತು.

"ಏನಿದು?"

"ಇದ್ದೀಯಾ ಅಂತ ಕೇಳ್ದೆ. ಇದ್ದೀನಿ ಅಂತ ಹೇಳ್ತು."

ಅವಳು ಟ್ರಂಕ್ ಕಾಲುಗಳ ಕಾಲದವಳು. ಹೊರದೇಶಕ್ಕೆ ಕರೆ ಬುಕ್ ಮಾಡಿ, ಬೆಳಗಿನಿಂದ ಸಂಜೆವರೆಗೆ ಕಾದು, ಊರೂರಿನ ಆಪರೇಟರುಗಳನ್ನು ಕಾಡಿ ಬೇಡಿ, ಕೊನೆಗೆ ಸಿಕ್ಕ ದನಿಯೂ ಬಾವಿಯೊಳಗಿಂದ ಬಂದಂತೆ ಕೇಳುತ್ತಿದ್ದುದು ಅವಳಿಗಿನ್ನೂ ಮರೆತಿರಲಿಲ್ಲ. ಆ ಆಪರೇಟರುಗಳೆಲ್ಲ ಈಗ ಎಲ್ಲಿ ಹೋದರು?

"ಇಷ್ಟು ದೂರ ಯಾರನ್ನ ಕೇಳ್ಕೊಂಡು ಹೋಯ್ತು ಮೇಷ್ಟ್ರೇ? ದಾರಿ ಯಾರಿಗೆ ಗೊತ್ತಿತ್ತು?"

"ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲ" ಎಂದರು ಮೇಷ್ಟ್ರು. "ಒಂದೊಂದು ತಿರುವಿನಲ್ಲೂ ರೂಟರ್ ಅಂತ ಒಂದು ಪೆಟ್ಟಿಗೆ ಕೂತಿರುತ್ತೆ. ವಿಳಾಸದ ಎಡಭಾಗ ನೋಡುತ್ತೆ, ಮುಂದಿನ ತಿರುವು ತೋರಿಸುತ್ತೆ. ಅಲ್ಲಿಗೆ ಅದರ ಕೆಲಸ…"

"ಮುಗೀತು" ಎಂದಳು ಅವಳು, ತನಗೇ ಗೊತ್ತಾಗದಂತೆ.

ಪೂರ್ತಿ ದಾರಿ ಯಾರಿಗೂ ಗೊತ್ತಿಲ್ಲ, ಆದರೂ ಹೋಗಿ ಮುಟ್ಟುತ್ತದೆ. ಈ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಮನೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಟ್ಟರೂ ಕೈ ಚಾಚದೆ ಕೂತಿದ್ದಳು.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಹೊರಗೆ ಕಾಣುವುದು ನಾಲ್ಕು ಸಂಖ್ಯೆ. ಒಳಗೆ ಇರುವುದು, ಸಂಖ್ಯೆಗೆ ಎಂಟರಂತೆ, ಮೂವತ್ತೆರಡು ಸೊನ್ನೆ–ಒಂದುಗಳ ಒಂದು ಸಾಲು. ಆ ಸಾಲಿನ ಎಡಭಾಗ ಮನೆ, ಬಲಭಾಗ ಆ ಮನೆಯೊಳಗಿನ ಆಳು. ಮನೆ ಎಲ್ಲಿಗೆ ಮುಗಿಯಿತು, ಆಳು ಎಲ್ಲಿಂದ ಶುರುವಾಯಿತು ಎನ್ನುವುದೊಂದೇ ಪ್ರಶ್ನೆ. ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯವನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದರು. ಸಾಲು ಸೊನ್ನೆಯಿಂದ ಶುರುವಾದರೆ ಅದು ಕ್ಲಾಸ್ ಎ: ಮನೆಯ ಹೆಸರು ಮೊದಲ ಸಂಖ್ಯೆಗೇ ಮುಗಿಯುತ್ತದೆ, ಒಳಗೆ ಒಂದು ಕೋಟಿ ಅರವತ್ತೇಳು ಲಕ್ಷ ಆಳುಗಳಿಗೆ ಜಾಗ. ಒಂದು, ಸೊನ್ನೆ ಎಂದು ಶುರುವಾದರೆ ಕ್ಲಾಸ್ ಬಿ: ಎರಡನೆಯ ಸಂಖ್ಯೆಗೆ ಮುಗಿಯುತ್ತದೆ, ಅರವತ್ತೈದು ಸಾವಿರ. ಒಂದು, ಒಂದು, ಸೊನ್ನೆ ಎಂದಿದ್ದರೆ ಕ್ಲಾಸ್ ಸಿ: ಮೂರನೆಯದಕ್ಕೆ ಮುಗಿಯುತ್ತದೆ, ಬರೀ ಇನ್ನೂರ ಐವತ್ತನಾಲ್ಕು. ಪೂರ್ತಿ ಓದಬೇಕಾಗಿರಲಿಲ್ಲ, ಮುಖ ನೋಡಿದ ಕೂಡಲೇ ಯಂತ್ರಕ್ಕೆ ಮನೆಯ ಅಳತೆ ಗೊತ್ತಾಗುತ್ತಿತ್ತು.

ಉಸಿರಿನಲ್ಲೇ ಮನುಷ್ಯರ ಗುರುತು ಹಿಡಿಯುತ್ತಿದ್ದವಳಿಗೆ ಈ ಜಾಣತನ ಬಹಳ ಹಿಡಿಸಿತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಕತ್ತಿನಲ್ಲಿ ಸದಾ ನೇತಾಡುವ ಅಳತೆ ಪಟ್ಟಿ.

ಕೇಳಿಸಿಕೊಂಡು ಅವನು ಅಂದ: "ಅಂದ್ರೆ ರೆಡಿಮೇಡ್ ಅಂಗಡಿ ಅನ್ನು. ಸಣ್ಣದು, ನಡುವಿನದು, ದೊಡ್ಡದು. ಮೈ ಹೇಗಿದ್ರೂ ಮೂರರಲ್ಲಿ ಒಂದಕ್ಕೆ ತೂರಿಸ್ಕೋಬೇಕು."

"ಹೂಂ. ಮುನ್ನೂರು ಜನ ಇರೋ ಮನೆಯವರು ಸಣ್ಣದರಲ್ಲಿ ಹಿಡಿಯಲ್ಲ ಅಂತ ನಡುವಿನದು ತಗೊಂಡ್ರೆ ಅರವತ್ತೈದು ಸಾವಿರ."

"ಅಯ್ಯಯ್ಯೋ, ಉಳಿದ ಬಟ್ಟೆ?"

"ಹಾಗೇ ಜೋತಾಡ್ತಾ ಇರುತ್ತೆ. ಬೇರೆಯವರಿಗೆ ಕೊಡೋ ಹಾಗಿಲ್ಲ."

ಗಂಡ ಅನ್ನ ಕಲಸುವುದನ್ನು ನಿಲ್ಲಿಸಿದ. ಬಟ್ಟೆ ಹಾಳಾಗುವುದೆಂದರೆ ಅವನಿಗೆ ಹೊಟ್ಟೆ ಉರಿಯುತ್ತದೆ. "ಎಂಥಾ ದಂಡ" ಎಂದ. "ಯಾರೂ ಬೈಲಿಲ್ವಾ?"

ಬೈದಿದ್ದರು. ವಿಳಾಸಗಳು ಮುಗಿಯುತ್ತ ಬಂದಾಗ ತಿಳಿದವರೆಲ್ಲ ಕೂಡಿ ಕ್ಲಾಸುಗಳನ್ನೇ ತೆಗೆದುಹಾಕಿದ್ದರು. ಇನ್ನು ಮುಂದೆ ಮನೆಯ ಗಡಿ ಮುಖ ನೋಡಿ ಹೇಳುವುದಲ್ಲ. ವಿಳಾಸದ ಜೊತೆಗೇ ಮಾಸ್ಕ್ ಎನ್ನುವ ಇನ್ನೊಂದು ಸಾಲನ್ನು ಕೊಡಬೇಕು. ಅದರಲ್ಲಿ ಒಂದು ಇರುವಷ್ಟು ದೂರ ಮನೆ, ಸೊನ್ನೆ ಶುರುವಾದಲ್ಲಿಂದ ಆಳು. ಗಡಿಯನ್ನು ಒಂದು ಸ್ಥಾನ ಬಲಕ್ಕೆ ಸರಿಸಿದರೆ ಒಂದು ಮನೆ ಎರಡಾಗುತ್ತದೆ, ಎಡಕ್ಕೆ ಸರಿಸಿದರೆ ಎರಡು ಮನೆ ಒಂದಾಗುತ್ತವೆ. ಮೇಷ್ಟ್ರು ಹಲಗೆಯ ಮೇಲೆ ಒಂದು ಗೆರೆ ಎಳೆದು, ಒರೆಸಿ, ಅದರ ಪಕ್ಕದಲ್ಲೇ ಮತ್ತೊಂದು ಎಳೆದು ಇದನ್ನು ತೋರಿಸಿದರು. ಅಂಕಿ ಒಂದೂ ಬದಲಾಗಿರಲಿಲ್ಲ. ಗೆರೆ ಕದಲಿತ್ತು, ಅಷ್ಟೇ. ಒಂದೇ ಮನೆಯವರು ಬೇರೆ ಮನೆಯವರಾಗಿದ್ದರು.

ಯಂತ್ರ ಇದನ್ನು ಬಳಸುವ ಬಗೆಯೂ ಅಷ್ಟೇ ಸರಳ. ಯಾರಿಗಾದರೂ ಏನಾದರೂ ಕಳಿಸಬೇಕಾದಾಗಲೆಲ್ಲ ಅದು ತನ್ನನ್ನು ತಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇವನು ನಮ್ಮ ಮನೆಯವನೋ, ಹೊರಗಿನವನೋ? ನಮ್ಮವನಾದರೆ ಮನೆಯೊಳಗೆ ಕೂಗಿ ಕರೆಯುತ್ತದೆ. ಹೊರಗಿನವನಾದರೆ ಬಾಗಿಲಲ್ಲಿರುವ ರೂಟರಿನ ಕೈಗೆ ಒಪ್ಪಿಸುತ್ತದೆ.

ಅವಳು ಹೀಗೆ ಪಳಗುತ್ತ ಬರುವ ಹೊತ್ತಿಗೆ ಆಸ್ಪತ್ರೆಯ ಹಿಂಭಾಗದಲ್ಲಿ ಹೊಸ ಕಟ್ಟಡ ಎದ್ದು ನಿಂತಿತು. ಹಳೆ ಕಟ್ಟಡದ ಯಂತ್ರಗಳೆಲ್ಲ ಒಂದು ಕ್ಲಾಸ್ ಸಿ ಮನೆಯಲ್ಲಿದ್ದವು. ಆ ಮನೆಯ ಮೂರನೆಯ ಸಂಖ್ಯೆ ಏಳು. ಮೊದಲೆರಡು ಸಂಖ್ಯೆಗಳು ಊರಿನ ಬಹಳ ಸಂಸ್ಥೆಗಳಿಗೆ ಒಂದೇ ಆಗಿದ್ದರಿಂದ ಎಲ್ಲರೂ ಅದನ್ನು ಬರೀ 'ಏಳು' ಎನ್ನುತ್ತಿದ್ದರು. ಏಳು ತುಂಬಿಹೋಗಿತ್ತು. ಹೊಸ ಕಟ್ಟಡಕ್ಕಾಗಿ ಇನ್ನೊಂದು ಮನೆ ಬೇಕೆಂದು, ಆದಷ್ಟೂ ಪಕ್ಕದ್ದೇ ಬೇಕೆಂದು ಮೇಷ್ಟ್ರು ವಿಳಾಸ ಹಂಚುವ ಕಚೇರಿಗೆ ಕೇಳಿಕೊಂಡರು. ಎಂಟು ಸಿಕ್ಕಿತು. ಏಳು, ಅದರ ಪಕ್ಕಕ್ಕೆ ಎಂಟು. ಇಬ್ಬರಿಗೂ ಖುಷಿಯೋ ಖುಷಿ.

ಮೇಷ್ಟ್ರು ಹಲಗೆಯ ಮುಂದೆ ನಿಂತು ಲೆಕ್ಕ ಹಾಕಿದರು. "ಗೆರೆಯನ್ನ ಒಂದು ಸ್ಥಾನ ಎಡಕ್ಕೆ ತಳ್ಳೋಣ. ಎರಡು ಮನೆ ಸೇರಿ ಒಂದಾಗುತ್ತೆ. ಹೊಸ ಲ್ಯಾಬಿನವರು ರಕ್ತ ಪರೀಕ್ಷೆ ಮುಗೀತು ಅಂತ ಅಲ್ಲಿಂದ ಕೂಗಿದ್ರೆ, ಹಳೆ ವಾರ್ಡಿನ ಯಂತ್ರಗಳಿಗೆಲ್ಲ ಒಟ್ಟಿಗೆ…"

"ಕೇಳಿಸುತ್ತೆ."

ಲ್ಯಾಬಿನ ಹೊಸ ಪ್ರೋಗ್ರಾಮು ನಿಜಕ್ಕೂ ಹಾಗೆ ಮನೆಯವರಿಗೆಲ್ಲ ಕೂಗಿ ಹೇಳುವ ಜಾತಿಯದು. ಮನೆ ಒಂದಾಗದಿದ್ದರೆ ಅದರಿಂದ ಪ್ರಯೋಜನವಿಲ್ಲ. ಇಬ್ಬರೂ ಕೆಲಸ ಹಂಚಿಕೊಂಡರು. ಮೇಷ್ಟ್ರು ಹೊಸ ಕಟ್ಟಡ ಹಿಡಿದರು, ಅವಳು ಹಳೆಯದನ್ನು ಹಿಡಿದಳು. ವಾರ್ಡಿಂದ ವಾರ್ಡಿಗೆ ಹೋಗಿ, ಡ್ಯೂಟಿಯಲ್ಲಿದ್ದ ನರ್ಸುಗಳನ್ನು ಒಂದು ನಿಮಿಷ ಕುರ್ಚಿಯಿಂದ ಎಬ್ಬಿಸಿ, ಪ್ರತಿ ಯಂತ್ರದ ಮಾಸ್ಕ್ ತಿದ್ದಿದಳು. ರೂಟರನ್ನು ಮಾತ್ರ, ಎಲ್ಲ ಸರಿಯಾದ ಮೇಲೆ ಮುಟ್ಟೋಣ ಎಂದು ಮೇಷ್ಟ್ರು ಹಾಗೇ ಬಿಟ್ಟಿದ್ದರು. ಸಂಜೆ ಹಳೆ ಕಟ್ಟಡದಿಂದ ಹೊಸದಕ್ಕೆ 'ಇದ್ದೀಯಾ' ಕೇಳಿದರೆ 'ಇದ್ದೀನಿ' ಬಂತು. ಇಬ್ಬರೂ ಚಹಾ ಕುಡಿದು ಮನೆಗೆ ಹೋದರು.

ಮರುದಿನ ಬೆಳಗ್ಗೆ ಹಳೆ ಕಟ್ಟಡದ ಆಪರೇಷನ್ ಥಿಯೇಟರಿನ ಹಿರಿಯ ನರ್ಸು ಫೋನು ಮಾಡಿದರು. ಅವರು ಯಾವತ್ತೂ ದನಿ ಏರಿಸುವವರಲ್ಲ. ಅವತ್ತು ಮಾತ್ರ ಮಾತು ಬಿಗಿಯಾಗಿತ್ತು.

"ಅಕ್ಕಾ, ಬ್ಲಡ್ ಬ್ಯಾಂಕ್ ಕಂಪ್ಯೂಟರಲ್ಲಿ ಸಿಗ್ತಾ ಇಲ್ಲ. ಹೆರಿಗೆ ಕೇಸು, ರಕ್ತ ಹೋಗ್ತಾ ಇದೆ. ಆ ಗುಂಪು ಅವರ ಹತ್ರ ಇದೆಯೋ ಇಲ್ವೋ ನನಗೆ ಈಗ್ಲೇ ಗೊತ್ತಾಗ್ಬೇಕು."

ಬ್ಲಡ್ ಬ್ಯಾಂಕ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಅವಳ ಕೈ ತನ್ನ ಪಾಡಿಗೆ ಫೋನೆತ್ತಿ, ಪುಸ್ತಕ ನೋಡದೆ, ಅಲ್ಲಿನ ರಕ್ತ ಕೊಡುವ ಕಿಟಕಿಯ ನಂಬರನ್ನೇ ತಿರುಗಿಸಿತು. ಅಲ್ಲಿದ್ದವರು ಅವಳ ದನಿ ಕೇಳಿದ ಕೂಡಲೇ "ಹೇಳಿ ಅಕ್ಕಾ" ಎಂದರು. ರಕ್ತ ಇತ್ತು. ಮಾತು ಮುಗಿಯುವ ಮೊದಲೇ ಆ ಕಡೆ ಯಾರೋ ಪೆಟ್ಟಿಗೆ ತಂದು, "ಗಾಡಿ ಹೊರಡಿಸಿ" ಎನ್ನುವುದು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ತಾಯಿಯೂ ಕೂಸೂ ಕ್ಷೇಮ ಎಂದು ನರ್ಸೇ ತಿಳಿಸಿದರು.

ಅವಳು ಫೋನಿಡುವ ಹೊತ್ತಿಗೆ ಮೇಷ್ಟ್ರು ಆಗಲೇ ಕೇಬಲ್ಲುಗಳನ್ನು ಜಗ್ಗಿ ನೋಡುತ್ತಿದ್ದರು. ಎಲ್ಲ ಗಟ್ಟಿಯಾಗಿದ್ದವು. ವಿಚಿತ್ರವೆಂದರೆ ಹೊಸ ಕಟ್ಟಡದ ಯಂತ್ರಗಳಿಗೆ ಬ್ಲಡ್ ಬ್ಯಾಂಕ್ ಚೆನ್ನಾಗಿ ಸಿಗುತ್ತಿತ್ತು. ಹಳೆಯ ಕಟ್ಟಡದ ಒಂದಕ್ಕೂ ಸಿಗುತ್ತಿರಲಿಲ್ಲ. ಉಳಿದ ಲೋಕವೆಲ್ಲ, ಸಮುದ್ರದಾಚೆಯ ಆ ವಿಶ್ವವಿದ್ಯಾಲಯವೂ ಸೇರಿ, ಎರಡೂ ಕಡೆಗೆ ಸಿಗುತ್ತಿತ್ತು.

"ಇಡೀ ಲೋಕ ಬಿಟ್ಟು ಬ್ಲಡ್ ಬ್ಯಾಂಕ್ ಒಂದರ ಮೇಲೆ ಯಾಕೆ ಮುನಿಸು ಇವಕ್ಕೆ?" ಎಂದಳು ಅವಳು. "ಅವರದು ಯಾವ ಮನೆ ಮೇಷ್ಟ್ರೇ?"

"ಆರು."

ಮೇಷ್ಟ್ರು ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ಏಳನ್ನು ಸೊನ್ನೆ–ಒಂದುಗಳಲ್ಲಿ ಬರೆದರು: ಕೊನೆಯಲ್ಲಿ ಮೂರು ಒಂದು, ಅವುಗಳ ಬೆಲೆ ಎಡದಿಂದ ನಾಲ್ಕು, ಎರಡು, ಒಂದು. ಅದರ ಕೆಳಗೆ ಹೊಸ ಮಾಸ್ಕ್: ಕೊನೆಯ ಸ್ಥಾನದಲ್ಲಿ ಸೊನ್ನೆ, ಅಂದರೆ ಆ ಸ್ಥಾನ ಇನ್ನು ಮನೆಯ ಹೆಸರಿಗೆ ಸೇರಿದ್ದಲ್ಲ. ಕೊನೆಯ ಒಂದನ್ನು ಅಂಗೈಯಿಂದ ಒರೆಸಿ ಸೊನ್ನೆ ಬರೆದರು. ಉಳಿದದ್ದು ಒಂದು, ಒಂದು, ಸೊನ್ನೆ.

"ಆರು" ಎಂದರು ಮೆಲ್ಲಗೆ. "ನಮ್ಮ ಏಳು ಆರಾಗಿಬಿಟ್ಟಿದೆ ಅಕ್ಕಾ. ಆರೂ ಏಳೂ ಸೇರಿ ಒಂದು ಮನೆ ಅಂದ್ಕೊಂಡಿದೆ."

ಅವಳಿಗೆ ಕಣ್ಣಿಗೆ ಕಟ್ಟಿದಂತಾಯಿತು. "ಅಂದ್ರೆ ಬ್ಲಡ್ ಬ್ಯಾಂಕಿನವರು ನಮ್ಮ ಮನೆಯವರೇ ಅಂದ್ಕೊಂಡು, ಇಲ್ಲೇ ನಮ್ಮ ಪಡಸಾಲೆಯಲ್ಲಿ ನಿಂತು ಕೂಗ್ತಾ ಇವೆ. ಅವರು ನೋಡಿದ್ರೆ ಊರಾಚೆ. ಬಾಗಿಲು ದಾಟಿ ಹೊರಗೆ ಹೋಗಿ ಕೇಳೋ ಯೋಚನೇನೇ ಬಂದಿಲ್ಲ."

"ಎಂಟನ್ನ ನೋಡಿ." ಮೇಷ್ಟ್ರು ಎಂಟನ್ನು ಬರೆದರು. ಒಂದು, ಆಮೇಲೆ ಮೂರು ಸೊನ್ನೆ. ಕೊನೆಯದನ್ನು ಒರೆಸಿ ಸೊನ್ನೆ ಬರೆದರೂ ಎಂಟು ಎಂಟೇ. "ಅದಕ್ಕೆ ಜೋಡಿ ಒಂಬತ್ತು. ಏಳಲ್ಲ. ನಿನ್ನೆ ಸಂಜೆ ಎರಡು ಕಟ್ಟಡ ಮಾತಾಡಿದ್ದು ಒಂದೇ ಮನೆಯವರಾಗಿ ಅಲ್ಲ, ರೂಟರ್ ನಡುವೆ ನಿಂತು ಮಾತಾಡಿಸಿದ್ದು. ನಾವು ಚಹಾ ಕುಡಿದು ಮನೆಗೆ…" ಅವರೇ ವಾಕ್ಯ ನಿಲ್ಲಿಸಿ ತಲೆ ಚಚ್ಚಿಕೊಂಡರು. "ಇಷ್ಟು ವರ್ಷ ಗಣಿತ ಹೇಳ್ದೆ. ಮನೆ ಎಷ್ಟು ಅಂತ ಎಣಿಸ್ದೆ, ಯಾವ ಎರಡು ಅಂತ ನೋಡ್ಲಿಲ್ಲ."

"ನಾನಾದ್ರೂ ಕೇಳ್ದೆನಾ?" ಎಂದಳು ಅವಳು.

ಹಳೆ ಕಟ್ಟಡದ ಮಾಸ್ಕುಗಳನ್ನೆಲ್ಲ ಮೊದಲಿನಂತೆ ಮಾಡಿದ ಮೇಲೆ ಬ್ಲಡ್ ಬ್ಯಾಂಕ್ ಮತ್ತೆ ಓಗೊಟ್ಟಿತು. ಭಯ ಹೋಯಿತು. ಆದರೆ ಅವಳ ತಲೆಯಿಂದ ಏಳು–ಎಂಟು ಹೋಗಲಿಲ್ಲ. ಪಕ್ಕಪಕ್ಕದಲ್ಲೇ ಇರುವ ಎರಡು ಸಂಖ್ಯೆ. ಮಗುವನ್ನು ಕೇಳಿದರೂ ಏಳಾದ ಮೇಲೆ ಎಂಟು ಎನ್ನುತ್ತದೆ. ಅವೆರಡನ್ನೇ ಕೂಡಿ ಒಂದು ಮನೆ ಮಾಡುವುದು ಯಾರಿಂದಲೂ ಆಗದು ಎಂದರೆ ಹೇಗೆ?

ಅವತ್ತು ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಎದುರುಮನೆಯ ಹೆಂಗಸಿನ ಜೊತೆ ಮಾತಿಗೆ ಕೂತಿದ್ದರು. ಅತ್ತೆಗೆ ಕಣ್ಣು ಮಂಜಾಗಿತ್ತು, ನೆನಪು ಮಾತ್ರ ಹರಿತ. ಯಾರಿಗೆ ಯಾರು ಏನಾಗಬೇಕು ಎನ್ನುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನೆಂಟರಲ್ಲಿ ಯಾವುದಾದರೂ ಇಬ್ಬರ ಹೆಸರು ಹೇಳಿದರೆ ಸಾಕು; ಇವಳ ಅಜ್ಜಿ ಅವನ ಮುತ್ತಜ್ಜನ ತಂಗಿ ಎಂದು ಮೇಲಕ್ಕೆ ಹತ್ತಿ, ಸೇರುವ ಜಾಗ ಮುಟ್ಟಿ, ಇನ್ನೊಂದು ಕೊಂಬೆಯಲ್ಲಿ ಇಳಿದು ಬರುತ್ತಿದ್ದರು.

"ಪಕ್ಕದ ಮನೆಯವರಾದ್ರೆ ಆಗೋಯ್ತಾ?" ಎನ್ನುತ್ತಿದ್ದರು ಅತ್ತೆ. "ಇವರದು ಹಿರೀ ಮಗನ ಸಂತಾನದಲ್ಲಿ ಕೊನೇ ಮನೆ. ಅವರದು ಕಿರೀ ಮಗನ ಸಂತಾನದಲ್ಲಿ ಮೊದಲನೇ ಮನೆ. ಗೋಡೆ ಒಂದೇ, ನಿಜ. ಸಂಬಂಧ ಹುಡುಕ್ಬೇಕು ಅಂದ್ರೆ ಮುತ್ತಜ್ಜನ ಅಪ್ಪನವರೆಗೂ ಹೋಗ್ಬೇಕು."

ಚಪ್ಪಲಿ ಬಿಡುತ್ತಿದ್ದವಳು ಒಂದೇ ಕಾಲಿನಲ್ಲಿ ನಿಂತುಬಿಟ್ಟಳು.

"ಏನೇ ಅದು, ಕೊಕ್ಕರೆ ಹಾಗೆ ನಿಂತಿದ್ದೀಯಾ?" ಎಂದರು ಅತ್ತೆ. ಮಂಜುಗಣ್ಣಿಗೂ ಅಷ್ಟು ಕಂಡಿತ್ತು.

"ಇನ್ನೊಂದ್ಸಲ ಹೇಳಿ ಅತ್ತೆ."

ಅತ್ತೆ ಇನ್ನೊಮ್ಮೆ ಹೇಳಿದರು. ಹೇಳುವುದೆಂದರೆ ಅವರಿಗೆ ಬೇಸರವಿಲ್ಲ.

ಅವಳು ಒಳಗೆ ಹೋಗಿ, ಗಂಡ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಗುರುತು ಹಾಕುವ ಅವನ ಸುಣ್ಣದ ಬಿಲ್ಲೆಯಿಂದಲೇ ಸೊನ್ನೆಯಿಂದ ಹದಿನೈದರವರೆಗೆ ಉದ್ದಕ್ಕೆ ಬರೆದಳು. ಸೊನ್ನೆ–ಒಂದು ಒಡಹುಟ್ಟಿದವರು. ಎರಡು–ಮೂರು ಒಡಹುಟ್ಟಿದವರು. ಹಾಗೆ ಆರು–ಏಳು, ಎಂಟು–ಒಂಬತ್ತು. ಒಂದೊಂದು ಜೋಡಿಯ ಮೇಲೂ ಒಂದು ಮನೆ. ಆ ಮನೆಗಳೂ ಎರಡೆರಡಾಗಿ ಸೇರಿ ಅವುಗಳ ಮೇಲೆ ಇನ್ನೊಂದು: ನಾಲ್ಕರಿಂದ ಏಳರವರೆಗೆ ಒಬ್ಬ ಅಜ್ಜನ ಮಕ್ಕಳು, ಎಂಟರಿಂದ ಹನ್ನೊಂದರವರೆಗೆ ಇನ್ನೊಬ್ಬ ಅಜ್ಜನ ಮಕ್ಕಳು. ಅದರ ಮೇಲೆ ಮತ್ತೊಂದು ಹಂತ. ಏಳು ಇನ್ನೂ ಎಡಗಡೆಯ ಕೊನೆಯಲ್ಲೇ, ಎಂಟು ಬಲಗಡೆಯ ಮೊದಲಲ್ಲೇ. ನಾಲ್ಕನೆಯ ಹಂತಕ್ಕೆ ಹತ್ತಿದಾಗ ಕೊನೆಗೂ ಎರಡು ಗೆರೆಗಳು ಕೂಡಿದವು. ಏಳನ್ನೂ ಎಂಟನ್ನೂ ಒಟ್ಟಿಗೆ ಹಿಡಿಯುವ ಅತಿ ಚಿಕ್ಕ ಮನೆ ಬೇಕೆಂದರೆ ಹದಿನಾರೂ ಮನೆಗಳನ್ನು ತೆಗೆದುಕೊಳ್ಳಬೇಕು.

ಗಂಡ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಗ್ಗಿ ನೋಡಿದ. "ಇದು ಇಲ್ಲಿಗೇ ನಿಲ್ಲುತ್ತಾ, ಇನ್ನೂ ಮೇಲೆ ಹೋಗುತ್ತಾ?"

ಆ ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ. ಅವಳು ಮನಸ್ಸಿನಲ್ಲೇ ಹತ್ತುತ್ತ ಹೋದಳು. ಹದಿನಾರರ ಮೇಲೆ ಮೂವತ್ತೆರಡು, ಅದರ ಮೇಲೆ ಅರವತ್ತನಾಲ್ಕು. ಊರಿನ ಸಂಸ್ಥೆಗಳೆಲ್ಲ ಒಂದು ಸೂರಿನ ಕೆಳಗೆ ಬಂದವು. ಇನ್ನೂ ಹತ್ತಿದರೆ ದೇಶ, ಸಮುದ್ರದಾಚೆಯ ಆ ವಿಶ್ವವಿದ್ಯಾಲಯ, ತಾನು ಹೆಸರೂ ಕೇಳದ ಊರುಗಳು. ಒಂದೇ ಒಂದು ಯಂತ್ರದಿಂದ ಹೊರಟು ಮೂವತ್ತೆರಡು ತಲೆಮಾರು ಹತ್ತಿದರೆ ಗಡಿಯ ಗೆರೆ ಎಡತುದಿಗೆ ಬಂದು ಬೀಳುತ್ತದೆ. ಮಾಸ್ಕಿನಲ್ಲಿ ಒಂದೂ 'ಒಂದು' ಉಳಿಯುವುದಿಲ್ಲ, ಬರೀ ಸೊನ್ನೆ. ಅಲ್ಲಿ ಹೊರಗಿನವರು ಯಾರೂ ಇಲ್ಲ. ನಾನೂರ ಇಪ್ಪತ್ತೊಂಬತ್ತು ಕೋಟಿ ವಿಳಾಸಗಳಿಗೂ ಒಂದೇ ಮನೆ.

"ಹೋಗುತ್ತೆ" ಎಂದಳು. "ಪ್ರಪಂಚ ಮುಗಿಯೋವರೆಗೂ ಹೋಗುತ್ತೆ."

ಗಂಡ ಸ್ವಲ್ಪ ಹೊತ್ತು ಮೇಜನ್ನೇ ನೋಡಿದ. ಆಮೇಲೆ, "ಇದನ್ನ ಒರೆಸ್ಲಾ, ಬೇಡ್ವಾ?" ಎಂದ. ನಾಳೆ ಕೊಡಬೇಕಾದ ಕೋಟಿನ ಬಟ್ಟೆ ಅವನ ಹೆಗಲ ಮೇಲಿತ್ತು. ಅವಳು ಬೇಡ ಎಂದಳು. ಅವನು ಕೋಟಿನ ಬಟ್ಟೆಯನ್ನು ನೆಲದ ಮೇಲೆ ಹಾಸಿಕೊಂಡು ಕತ್ತರಿಸಿದ.

ಬೆಳಗ್ಗೆ ಮೇಷ್ಟ್ರಿಗೆ ಹಲಗೆಯ ಮೇಲೆ ಅದನ್ನೇ ಬರೆದು ತೋರಿಸಿದಳು. ಮೇಷ್ಟ್ರಿಗೆ ಲೆಕ್ಕ ಗೊತ್ತಿತ್ತು. ಆದರೆ ಹೀಗೆ ವಂಶದಂತೆ ಹಬ್ಬಿದ್ದನ್ನು ಅವರು ನೋಡಿರಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಯಾರು ಹೇಳಿಕೊಟ್ರು?"

"ನಮ್ಮತ್ತೆ."

"ಅವರಿಗೆ ಕಂಪ್ಯೂಟರ್ ಬರುತ್ತಾ?"

"ಫೋನು ಎತ್ತೋಕೂ ಹೆದರ್ತಾರೆ. ನೆಂಟಸ್ತಿಕೆ ಬರುತ್ತೆ."

ಇಬ್ಬರೂ ಕೂತು, ವಿಳಾಸ ಹಂಚುವ ಕಚೇರಿಗೆ ಏನು ಕೇಳಬೇಕೆಂದು ಯೋಚಿಸಿದರು. ಏಳನ್ನು ಹಿಂದಕ್ಕೆ ತೆಗೆದುಕೊಂಡು ಒಂಬತ್ತನ್ನು ಕೊಡುತ್ತೀರಾ ಎಂದು ಮೇಷ್ಟ್ರು ಫೋನಿನಲ್ಲಿ ಕೇಳಿದಾಗ, ಆ ಕಡೆಯ ಎಂಜಿನಿಯರಿಗೆ ಕಾರಣ ವಿವರಿಸಬೇಕಾಗಲೇ ಇಲ್ಲ.

"ಓ, ಏಳು ಎಂಟು ಕೂಡಿಸೋಕೆ ಹೋದ್ರಾ?" ಎಂದು ಆಕೆ ನಕ್ಕರು. "ಮೊದಮೊದಲು ಎಲ್ಲರೂ ಅಲ್ಲೇ ಎಡವೋದು, ನಾನೂ ಎಡವಿದ್ದೀನಿ. ಒಂಬತ್ತು ಖಾಲಿ ಇದೆ, ತಗೊಳ್ಳಿ. ಎಂಟು ಒಂಬತ್ತು ಒಟ್ಟಿಗೆ ಇದ್ರೆ ನಮಗೂ ಒಳ್ಳೇದೇ. ಹೊರಗಿನ ರೂಟರುಗಳಲ್ಲೆಲ್ಲ ನಿಮ್ಮ ಹೆಸರಿನಲ್ಲಿ ಎರಡು ಸಾಲಿನ ಬದಲು ಒಂದೇ ಸಾಲು ಬರೆದ್ರೆ ಸಾಕು."

ಅವಳು ಪಕ್ಕದ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಆ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಹೊರಗಿನ ರೂಟರುಗಳು ಎಂದರೆ? ಲೋಕದ ಅಷ್ಟೂ ತಿರುವುಗಳಲ್ಲಿ ಕೂತ ಪೆಟ್ಟಿಗೆಗಳು ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ನೆನಪಿಡಬೇಕಾಗಿಲ್ಲ. ದೂರದವರಿಗೆ ಮುತ್ತಜ್ಜನ ಹೆಸರು ಗೊತ್ತಿದ್ದರೆ ಸಾಕು, ಹತ್ತಿರ ಬಂದಂತೆ ಅಜ್ಜ, ಅಪ್ಪ, ಮಗ ಎಂದು ದಾರಿ ಬಿಚ್ಚಿಕೊಳ್ಳುತ್ತದೆ. ಮೊದಲ ದಿನ ಕೇಳಿದ 'ದಾರಿ ಯಾರಿಗೆ ಗೊತ್ತಿತ್ತು' ಎನ್ನುವುದಕ್ಕೆ ಈಗ ಅವಳಿಗೆ ಉತ್ತರದ ಒಂದು ಅಂಚು ಸಿಕ್ಕಿತ್ತು. ಉತ್ತರ ಸಿಕ್ಕರೆ ಬೆರಗು ಕಡಿಮೆಯಾಗಬೇಕಿತ್ತಲ್ಲ. ಆಗಲಿಲ್ಲ, ಇನ್ನಷ್ಟು ಹೆಚ್ಚಿತು.

ಭಾನುವಾರ ಹೊರರೋಗಿಗಳಿಲ್ಲದ ಹೊತ್ತಿನಲ್ಲಿ ಹಳೆ ಕಟ್ಟಡವೆಲ್ಲ ಏಳರಿಂದ ಒಂಬತ್ತಕ್ಕೆ ಹೋಯಿತು. ಈ ಸಲ ಎಲ್ಲ ವಾರ್ಡುಗಳಿಗೂ ಮೊದಲೇ ತಿಳಿಸಿದ್ದರು. ಬ್ಲಡ್ ಬ್ಯಾಂಕಿನ ಕಿಟಕಿಯವರು ಫೋನಿನ ಪಕ್ಕದಿಂದ ಕದಲುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅವಳು ಮತ್ತೆ ನರ್ಸುಗಳನ್ನು ಎಬ್ಬಿಸಿದಳು. "ಇದೇ ಕೊನೇ ಸಲ ತಾಯೀ" ಎಂದರೆ, "ಹೋದ್ಸಲಾನೂ ಹಾಗೇ ಅಂದ್ರಿ" ಎಂದು ಒಬ್ಬಳು ಕುರ್ಚಿ ಬಿಟ್ಟುಕೊಟ್ಟಳು. ಇಬ್ಬರೂ ರೂಟರಿನ ಎದುರಿಗೆ ಬಂದು ನಿಂತದ್ದು ಕೊನೆಗೆ. ಮೇಷ್ಟ್ರು ಮಾಸ್ಕ್ ತಿದ್ದಿದರು. ಅವಳು ಹೊಸ ಲ್ಯಾಬಿಗೆ ಫೋನು ಮಾಡಿ, "ಈಗ ಕೂಗಿಸಿ" ಎಂದಳು.

ಹಳೆ ಕಟ್ಟಡದ ಮೂರನೇ ಮಹಡಿಯ ಮಕ್ಕಳ ವಾರ್ಡಿನಲ್ಲಿ ಒಂದು ಪರದೆ ಬೆಳಗಿತು. ಕೆಳಗೆ ಎಮರ್ಜೆನ್ಸಿಯಲ್ಲಿ ಇನ್ನೊಂದು. ಕಾರಿಡಾರಿನ ಉದ್ದಕ್ಕೂ, ಬಾಗಿಲು ತೆರೆದಿದ್ದ ಕೋಣೆಗಳಲ್ಲೆಲ್ಲ, ಒಂದೇ ಗಳಿಗೆಯಲ್ಲಿ ಅದೇ ಸಾಲು: ಯಾರದೋ ರಕ್ತದ ಪರೀಕ್ಷೆ ಮುಗಿದಿದೆ, ವರದಿ ಸಿದ್ಧವಿದೆ. ಮೂರನೇ ಮಹಡಿಯ ನರ್ಸು ರೇಲಿಂಗಿನಿಂದ ಬಗ್ಗಿ, "ಬಂತು ಅಕ್ಕಾ" ಎಂದಳು. ಮೇಷ್ಟ್ರು ಬ್ಲಡ್ ಬ್ಯಾಂಕಿಗೆ 'ಇದ್ದೀಯಾ' ಕೇಳಿದರು. ಅದು ಹೊರಬಾಗಿಲು ದಾಟಿ, ಊರಾಚೆ ಹೋಗಿ, 'ಇದ್ದೀನಿ' ತಂದಿತು.

ಆಮೇಲಿನ ವರ್ಷಗಳಲ್ಲಿ ಆಪರೇಟರಕ್ಕ ಆ ದೊಡ್ಡ ಮನೆಯನ್ನು ಕೈಯಾರೆ ಎಷ್ಟೋ ಬಗೆಯಲ್ಲಿ ಕತ್ತರಿಸಿದಳು. ಯಂತ್ರಗಳು ಹೆಚ್ಚಾಗಿ ಎಲ್ಲರ ಕೂಗೂ ಎಲ್ಲರಿಗೂ ಕೇಳಿ ಗದ್ದಲವೆದ್ದಾಗ, ಲ್ಯಾಬಿನವರಿಗೆ ಅರವತ್ತೆರಡು ಆಳಿನ ಸಬ್‌ನೆಟ್ಟು ಎಂಬ ಒಳಮನೆ, ಎಳೆಕೂಸುಗಳ ಕೋಣೆಗೆ ಮೂವತ್ತರದು, ಎರಡು ರೂಟರುಗಳ ನಡುವಿನ ತಂತಿಗೆ ಇಬ್ಬರೇ ಇರುವ ಪುಟ್ಟ ಮನೆ. ಹೇಗೆ ಕತ್ತರಿಸಿದರೂ ಅಂಚಿನ ಎರಡು ವಿಳಾಸ ಬಿಟ್ಟರೆ ಚೂರು ದಂಡವಾಗುತ್ತಿರಲಿಲ್ಲ. ಬೇಡವೆಂದಾಗ ಒಡಹುಟ್ಟಿದವರು ಮತ್ತೆ ಕೂಡಿಕೊಳ್ಳುತ್ತಿದ್ದರು. ಗಂಡ ಇದನ್ನು ಕೇಳಿದಾಗಲೆಲ್ಲ, ಕತ್ತರಿಸಿದ ಬಟ್ಟೆ ಹೊಲಿಗೆಯಿಲ್ಲದೆ ಕೂಡುವ ಲೋಕ ಅದೆಂಥದೋ ಎಂದು ನಿಟ್ಟುಸಿರು ಬಿಡುತ್ತಿದ್ದ. ಮೇಷ್ಟ್ರು ನಿವೃತ್ತರಾಗಿ, ಹಲಗೆಯನ್ನು ಅವಳಿಗೇ ಬಿಟ್ಟುಹೋದರು. ಹೊಸಬರು ಕೆಲಸಕ್ಕೆ ಸೇರಿದಾಗ ಅವಳು ಮೊದಲು ಹೇಳಿಕೊಡುತ್ತಿದ್ದುದು ಏಳು ಮತ್ತು ಎಂಟರ ಕಥೆ, ಮತ್ತು ಆ ಬೆಳಗಿನ ಹೆರಿಗೆ ಕೇಸಿನ ಕಥೆ. ಎರಡನ್ನೂ ಒಟ್ಟಿಗೇ ಹೇಳುತ್ತಿದ್ದಳು.

ಅವಳು ಕೆಲಸ ಬಿಡುವ ವರ್ಷ ಹೊಸ ಬಗೆಯ ವಿಳಾಸಗಳು ಆಸ್ಪತ್ರೆಗೂ ಬಂದವು. ಮೂವತ್ತೆರಡು ಸ್ಥಾನದ್ದಲ್ಲ, ನೂರಿಪ್ಪತ್ತೆಂಟರದು. ತರಬೇತಿಗೆ ಬಂದ ಎಂಜಿನಿಯರು ಮೊದಲ ವಿಳಾಸವನ್ನು ಸೊನ್ನೆ–ಒಂದುಗಳಲ್ಲಿ ಬರೆದಾಗ ಅದು ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಯಿತು. "ಇದರಲ್ಲಿ ಎಷ್ಟು ಜನಕ್ಕೆ ಜಾಗ ಇದೆ?" ಎಂದು ಯಾರೋ ಕೇಳಿದರು. ಎಂಜಿನಿಯರು ಒಂದು ಸಂಖ್ಯೆ ಹೇಳಿದರು. ಅದರ ಹೆಸರು ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೂ ಅವಳು ಅಲ್ಲೇ ಇದ್ದಳು. ಒಂದು ಸ್ಥಾನ ಹೆಚ್ಚಾದರೆ ಲೋಕ ಇಮ್ಮಡಿ ಎಂದು ಅವಳಿಗೆ ಗೊತ್ತು. ಮೂವತ್ತೆರಡಕ್ಕೆ ಇಡೀ ಪ್ರಪಂಚ ಹಿಡಿದಿತ್ತು. ಮೂವತ್ತಮೂರಕ್ಕೆ ಅಂಥವು ಎರಡು. ಮೂವತ್ತನಾಲ್ಕಕ್ಕೆ ನಾಲ್ಕು. ಅವಳು ಎದ್ದು ಹಲಗೆಯ ಹತ್ತಿರ ಹೋಗಿ, ಎಡದಿಂದ ಮೂವತ್ತೆರಡನೆಯ ಅಂಕಿಯ ಮೇಲೆ ಬೆರಳಿಟ್ಟು, ಒಂದೊಂದೇ ಸ್ಥಾನ ಸರಿಯುತ್ತ ಮನಸ್ಸಿನಲ್ಲೇ ಇಮ್ಮಡಿ ಮಾಡುತ್ತ ಹೋದಳು. ಎಂಟು. ಹದಿನಾರು ಪ್ರಪಂಚ. ಮೂವತ್ತೆರಡು. ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಉರುಳುತ್ತಿದ್ದವು. ಬೆರಳು ಇನ್ನೂ ಹಲಗೆಯ ಕಾಲುಭಾಗ ದಾಟಿದ್ದಷ್ಟೇ. ಅಷ್ಟು ಹೊತ್ತಿಗೆ ಪ್ರಪಂಚಗಳ ಎಣಿಕೆ ಅವಳ ಕೈ ಮೀರಿ ಹೋಗಿತ್ತು. ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು, ಬಲಕ್ಕೆ ಇನ್ನೂ ಉಳಿದಿದ್ದ ಉದ್ದವನ್ನು ನೋಡುತ್ತ ನಿಂತಳು.